ಉಪ್ಪುನೀರಿನ ಗದ್ದೆ ಕಾಯುವವರು

ಶಿರಸಿಯಲ್ಲಿ ಹುಟ್ಟಿ, ಉಂಚಳ್ಳಿಯಲ್ಲಿ ಧುಮ್ಮಿಕ್ಕಿ, ಕುಮಟಾ ತಾಲ್ಲೂಕಿನ ತದಡಿ ಬಳಿ ಕಡಲು ಸೇರುವ ಅಘನಾಶಿನಿಗೆ ದೊಡ್ಡ ಅಣೆಕಟ್ಟುಗಳಿಲ್ಲ. ನೆರೆಯ ಕಾಳಿ, ಶರಾವತಿಯರ ಪಾಡು ಬಲ್ಲವರಿಗೆ ಇದು ಸಣ್ಣ ಮಾತಲ್ಲ. ಘಟ್ಟದ ಮೆಕ್ಕಲು ತಡೆಯಿಲ್ಲದೆ ಇಳಿದು ಬರುವುದರಿಂದ ಅಳಿವೆಯಲ್ಲಿ ಮೀನು, ಸಿಗಡಿ, ಬಳಚು (ಚಿಪ್ಪುಮೀನು) ಹುಲುಸು. ಇಳಿತದ ಹೊತ್ತಿಗೆ ಹೆಂಗಸರು ಮೊಣಕಾಲುದ್ದದ ನೀರಿಗಿಳಿದು ಬಳಚು ಆಯುತ್ತಾರೆ. 2024ರಲ್ಲಿ ಈ ಅಳಿವೆಯ 4,801 ಹೆಕ್ಟೇರ್ ಪ್ರದೇಶಕ್ಕೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶವೆಂದು ರಾಮ್ಸರ್ ಮಾನ್ಯತೆ ದೊರೆಯಿತು.

ಮಾನ್ಯತೆ ಹೊಸದು, ಕಾಯುವ ಕೆಲಸ ಹಳೆಯದು. ಅದರ ಗುಟ್ಟು ಗಜನಿಯಲ್ಲಿದೆ. ಉಪ್ಪುನೀರು ನುಗ್ಗುವ ತಗ್ಗು ಗದ್ದೆಗೆ ಇಲ್ಲಿ ಗಜನಿ ಎನ್ನುತ್ತಾರೆ. ಮುಂಗಾರಿನ ಮಳೆ ಉಪ್ಪನ್ನು ತೊಳೆದ ಮೇಲೆ ಮೊಳಕೆ ಬರಿಸಿದ ಕಗ್ಗದ ಭತ್ತ ಎರಚುತ್ತಾರೆ. ಆಳೆತ್ತರ ಬೆಳೆಯುವ ಕಗ್ಗಕ್ಕೆ ನೆರೆಯಲ್ಲಿ ಮುಳುಗಿಯೂ ಬದುಕುವ ಗಟ್ಟಿತನವಿದೆ. ಗೊಬ್ಬರ, ಔಷಧಿ ಬೇಡ. ಕೊಯ್ಲಿನ ನಂತರ ತೂಬಿನ ಹಲಗೆ ಎತ್ತಿದರೆ ಭರತದ ನೀರಿನೊಂದಿಗೆ ಮೀನು, ಸಿಗಡಿ ಒಳಬರುತ್ತವೆ, ಕೊಳೆತ ಹುಲ್ಲು ತಿಂದು ಕೊಬ್ಬುತ್ತವೆ. ಮುಂದಿನ ಮಳೆಗೆ ಅವುಗಳ ಹಿಕ್ಕೆಯೇ ಗೊಬ್ಬರ.

ಉಪ್ಪುನೀರು ತಡೆಯುವ ಕಟ್ಟೆ ಒಂದು ಕಡೆ ಒಡೆದರೆ ಇಡೀ ಬಯಲಿಗೆ ಉಪ್ಪು. ಹಾಗಾಗಿ ಇಲ್ಲಿ ಒಬ್ಬಂಟಿ ಬೇಸಾಯವಿಲ್ಲ. ಮಾಣಿಕಟ್ಟಾದಂಥ ಊರುಗಳಲ್ಲಿ ರೈತರು ಕೂಡಿಯೇ ಕಗ್ಗ ಬೆಳೆಯುತ್ತ ಬಂದಿದ್ದಾರೆ. ಸಿಗಡಿ ಸಾಕಣೆಯ ಲಾಭಕ್ಕೆ ಗಜನಿ ಬಿಟ್ಟುಕೊಟ್ಟ ಕಡೆಗಳಲ್ಲಿ ಮೊದಲು ಹೋದದ್ದು ಈ ಒಗ್ಗಟ್ಟು, ಆಮೇಲೆ ಭತ್ತ.

ಕಟ್ಟೆಯ ಬುಡಕ್ಕೆ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಆಸರೆ. ಒಂದು ಜಾತಿಯ ಕಾಂಡ್ಲಾದ ಬೀಜ ತಾಯಿಗಿಡದಲ್ಲೇ ಮೊಳೆತು, ಹಸಿರು ನುಗ್ಗೆಕಾಯಿಯಂತೆ ಜೋತಾಡುತ್ತದೆ. ಅದನ್ನು ಕೆಸರಿಗೆ ಚುಚ್ಚಿದರೆ ಸಾಕು, ಬೇರೂರುತ್ತದೆ. ಅರಣ್ಯ ಇಲಾಖೆ ಇಂಥ ನೆಡುತೋಪುಗಳನ್ನು ಬೆಳೆಸಿದೆ. ಅಲೆಯ ಹೊಡೆತ ತಡೆಯುವ ಆ ಬೇರುಗಳ ನಡುವೆಯೇ ಮೀನಿನ ಮರಿಗಳಿಗೂ ಆಶ್ರಯ.

ಜನರನ್ನು ಕೂಡಿಸಿಕೊಂಡು ಕಾಯುವ ಪ್ರಶ್ನೆ ಇದೇ ನದಿಯ ಮೇಲ್ಭಾಗದಲ್ಲೂ ಇದೆ. ಅಲ್ಲಿ ಘಟ್ಟದ ಮೇಲೆ 2011ರಲ್ಲಿ ಸಿಂಗಳೀಕಗಳಿಗಾಗಿ ಸಂರಕ್ಷಣಾ ಮೀಸಲು ಘೋಷಣೆಯಾಯಿತು. ಸಿಂಗಳೀಕ ತಿನ್ನುವ ಉಪ್ಪಾಗೆ ಎಂಬ ಕಾಡುಹಣ್ಣನ್ನೇ ಜನರೂ ಕೊಯ್ಯುತ್ತಾರೆ. ಅವರನ್ನು ಕಾಡಿನಿಂದ ಹೊರಗಟ್ಟುವುದು ಸುಲಭದ ದಾರಿಯಂತೆ ಕಂಡರೂ, ಹಣ್ಣಾಗುವ ಮೊದಲೇ ಕೊಯ್ಯದಂತೆ ಒಪ್ಪಿಸುವುದೇ ಮೇಲು ಎಂದು ನನಗನಿಸುತ್ತದೆ.

ಅಳಿವೆಯ ಮಟ್ಟಿಗೂ ಸಸಿ ನೆಟ್ಟ ಲೆಕ್ಕವೊಂದೇ ಸಾಲದು. ಒಡೆದ ಕಟ್ಟೆಯ ದುರಸ್ತಿಗೆ, ಕಗ್ಗದ ಬೀಜ ಉಳಿಸಿಕೊಂಡವರಿಗೆ ರಾಮ್ಸರ್ ಹೆಸರಿನಲ್ಲಿ ಬರುವ ಹಣದ ಒಂದು ಪಾಲು ಸಿಗಬೇಕು, ಅದೂ ಮಳೆಗಾಲ ಹಿಡಿಯುವ ಮೊದಲು.