ಕಲ್ಲು ಹೊತ್ತ ರಾಜಹಕ್ಕು: ಕಾರ್ನಾಕ್ ಮತ್ತು ತಾಳಗುಂದ

ಈಜಿಪ್ಟಿನ ಕಾರ್ನಾಕ್ ದೇವಾಲಯದಲ್ಲಿ ರಾಣಿ ಹತ್ಶೆಪ್ಸುತ್ ನಿಲ್ಲಿಸಿದ ಏಕಶಿಲಾ ಸ್ತಂಭವೊಂದು ಇಂದಿಗೂ ಇದೆ. ಎತ್ತರ ಸುಮಾರು 29 ಮೀಟರ್, ತೂಕ 300 ಟನ್ನಿಗೂ ಹೆಚ್ಚು. ಹೆಂಗಸು ಫೇರೋ ಆಗುವುದು ಅಲ್ಲಿ ರೂಢಿಯಲ್ಲಿರಲಿಲ್ಲ. ಆದ್ದರಿಂದ ತಾನು ಅಮುನ್ ದೇವರ ಮಗಳೆಂಬುದನ್ನು ಆಕೆ ಕಲ್ಲಿನಿಂದಲೇ ಹೇಳಿಸಿದಳು. ಇದೇ ಉಪಾಯದ ನಮ್ಮ ನಾಡಿನ ನಿದರ್ಶನ ನೋಡಬೇಕೆ? ಸೊರಬ ತಾಲ್ಲೂಕಿನ ಉಳವಿಯ (ಜೋಯಿಡಾದ ಉಳವಿಯಲ್ಲ) ಶಾಲೆಯವರು ನೆರೆಯ ಶಿಕಾರಿಪುರ ತಾಲ್ಲೂಕಿಗೆ ಹೋದರೆ ಸಾಕು.

ಮೊದಲು ಮಳವಳ್ಳಿಯ ಕಂಬ. ಅದರಲ್ಲಿ ಬನವಾಸಿಯ ಚುಟು ವಂಶದ ಸಾತಕರ್ಣಿಯೊಬ್ಬನ ಪ್ರಾಕೃತ ದಾನಶಾಸನವಿದೆ. ಅದೇ ಕಂಬದ ಮೇಲೆ ಕದಂಬ ಅರಸನೊಬ್ಬ, ಕೈಬಿಟ್ಟುಹೋಗಿದ್ದ ದತ್ತಿಯನ್ನು ಮತ್ತೆ ಕೊಟ್ಟದ್ದನ್ನು ಕೆತ್ತಿಸಿದ್ದಾನೆ. ಹೊಸ ಕಂಬ ನೆಡಬಹುದಿತ್ತು, ನೆಡಲಿಲ್ಲ. ಹಳೆಯ ಅರಸನಂತೆಯೇ ತಾನೂ ಮಾನವ್ಯ ಗೋತ್ರದವನು, ಹಾರಿತೀಪುತ್ರ ಎಂದು ಹೇಳಿಕೊಂಡ. ಹಳೆಯ ಕಲ್ಲಿನಲ್ಲಿ ಜಾಗ ಪಡೆದವನಿಗೆ ಹಳೆಯ ಗೌರವವೂ ದಕ್ಕುತ್ತದೆ.

ತಾಳಗುಂದದ್ದು ಇನ್ನೂ ಸ್ವಾರಸ್ಯಕರ. ಪ್ರಣವೇಶ್ವರ ದೇವಾಲಯದ ಮುಂದಿನ ಈ ಕಂಬವನ್ನು ಐದನೆಯ ಶತಮಾನದಲ್ಲಿ ಕದಂಬ ಶಾಂತಿವರ್ಮ ಕೆತ್ತಿಸಿದ. ಸಂಸ್ಕೃತ ಕಾವ್ಯ ರಚಿಸಿದವನು ಕುಬ್ಜ. ವಂಶದ ಮೂಲಪುರುಷ ಮಯೂರಶರ್ಮ ಬ್ರಾಹ್ಮಣ; ವೇದಾಭ್ಯಾಸಕ್ಕೆ ಕಂಚಿಗೆ ಹೋಗಿ, ಪಲ್ಲವರ ರಾವುತನೊಂದಿಗೆ ಜಗಳವಾಗಿ, ಖಡ್ಗ ಹಿಡಿದವನು. ದರ್ಭೆ ಹಿಡಿದ ಕೈ ಖಡ್ಗ ಹಿಡಿದದ್ದು ಹೇಗೆ ನ್ಯಾಯ ಎಂಬ ಪ್ರಶ್ನೆಗೆ ಶಾಸನ ಉತ್ತರ ಕೊಡಲೇಬೇಕಿತ್ತು. ಪಲ್ಲವರು ಅವನನ್ನು ಒಪ್ಪಿದರು, ಷಡಾನನನೇ ಅಭಿಷೇಕ ಮಾಡಿದ ಎಂದು ಅದು ಹೇಳುತ್ತದೆ. ಮುಂದೆ ‘ಶರ್ಮ’ ಹೋಗಿ ‘ವರ್ಮ’ ಬಂತು. ಸಾತಕರ್ಣಿ ಮೊದಲಾದವರು ಪೂಜಿಸಿದ ಗುಡಿ ಇದು ಎಂಬ ಮಾತೂ ಇದೆ. ಸ್ಥಳದ ಆಯ್ಕೆಯೂ ವಾದದ ಭಾಗವೇ.

ಇನ್ನು ಭೌತವಿಜ್ಞಾನಕ್ಕೆ ಬರೋಣ. ಪೀಠ ಸುಮಾರು 1.6 ಮೀಟರ್, ಎಂಟುಮುಖದ ಕಾಂಡ ಸುಮಾರು 1.9 ಮೀಟರ್, ದಪ್ಪ 40 ಸೆಂಟಿಮೀಟರಿನಷ್ಟು. ಗ್ರಾನೈಟಿನ ಸಾಂದ್ರತೆ ಘನಮೀಟರಿಗೆ 2.7 ಟನ್ ಎಂದು ಹಿಡಿದರೆ ಒಟ್ಟು ತೂಕ ಒಂದೂವರೆ ಟನ್ನಿನ ಆಸುಪಾಸು. (ವಿದ್ಯಾರ್ಥಿಗಳು ಲೆಕ್ಕ ಹಾಕಿ ನೋಡಬಹುದು.) ಕಾರ್ನಾಕಿನ ಸ್ತಂಭ ಇದರ ಇನ್ನೂರು ಪಟ್ಟು! ಅಂಥದನ್ನು ಸಾಗಿಸಲು ಎಷ್ಟು ಸಾವಿರ ಜನರ ಕೂಳು, ಎಷ್ಟು ಶಿಸ್ತು ಬೇಕು? ಬರಹ ಓದಲು ಬಾರದವನಿಗೂ ಆ ಗಾತ್ರವೇ ಅರಸನ ಬಲವನ್ನು ಹೇಳುತ್ತದೆ. ತಾಳಗುಂದದ ಕಂಬಕ್ಕೆ ಆ ಅನುಕೂಲವಿಲ್ಲ. ಅದು ಮಾತನ್ನೇ ನೆಚ್ಚಿದೆ.

ಆದರೆ ಬಾಳಿಕೆಯಲ್ಲಿ ಎರಡೂ ಒಂದೇ. ಗ್ರಾನೈಟಿನಲ್ಲಿರುವ ಸ್ಫಟಿಕಶಿಲೆಯ ಗಡಸುತನ ಮೋಸ್ ಮಾನದಲ್ಲಿ 7. ಅಕ್ಷರ ಕೆತ್ತುವಾಗ ಗೆರೆಯಷ್ಟೇ ಕಲ್ಲು ತೆಗೆದರಾಯಿತು. ಅಳಿಸುವುದಕ್ಕಾದರೋ ಗೆರೆಯ ಆಳದವರೆಗೆ ಇಡೀ ಮೈಯನ್ನೇ ಹೆರೆಯಬೇಕು. ಎರಡನೆಯ ರಾಮ್ಸೆಸ್ ತನ್ನ ಹೆಸರನ್ನು ಆಳವಾಗಿ ಕೆತ್ತಿಸಿದ್ದು ಸುಮ್ಮನೆ ಅಲ್ಲ. ಹಿಂದಿನವರ ಹೆಸರುಗಳ ಮೇಲೆ ತನ್ನದನ್ನು ಹೊಡೆಸಿದವನಿಗೆ ಆ ಅಪಾಯ ಚೆನ್ನಾಗಿ ಗೊತ್ತಿತ್ತು. ಹತ್ಶೆಪ್ಸುತಳ ಸ್ತಂಭದ ಕೆಳಭಾಗವನ್ನು ಮೂರನೆಯ ಥುತ್ಮೋಸನ ಕಾಲದಲ್ಲಿ ಗೋಡೆ ಕಟ್ಟಿ ಮುಚ್ಚಿದರು. ಆ ಗೋಡೆಯೇ ಅಕ್ಷರಗಳನ್ನು ಕಾಪಾಡಿತು!

ಹಾಗಾದರೆ ಇಂಥ ಶಾಸನವನ್ನು ಎಷ್ಟು ನಂಬಬಹುದು? ಶೂನ್ಯದೋಷವಿರುವ ಅಳತೆಯ ಉಪಕರಣವನ್ನು ನಾವು ಎಸೆಯುವುದಿಲ್ಲ; ದೋಷ ಯಾವ ಕಡೆಗಿದೆ ಎಂದು ತಿಳಿದು ಬಳಸುತ್ತೇವೆ. ಕಂಚಿಯ ಜಗಳದ ಕಥೆ ಕೆತ್ತನೆಯಾದದ್ದು ನಾಲ್ಕು ತಲೆಮಾರುಗಳ ಬಳಿಕ, ಜಗಳದಲ್ಲಿ ಒಂದು ಪಕ್ಷದವರ ಖರ್ಚಿನಲ್ಲಿ. ಕಾಕುಸ್ಥವರ್ಮ ಗುಡಿಯ ಬಳಿ ಕೆರೆ ಕಟ್ಟಿಸಿದನೆಂಬ ಮಾತು ಬೇರೆ ಬಗೆಯದು. ಅದನ್ನು ಅಂದಿನ ಓದುಗ ತಲೆಯೆತ್ತಿ ನೋಡಿದರೇ ಪರೀಕ್ಷಿಸಬಹುದಿತ್ತು.

ಅಂದಹಾಗೆ, ಇಲ್ಲಿ ಸಾಲುಗಳು ಕಂಬದ ಉದ್ದಕ್ಕೆ ಕೆಳಗಿನಿಂದ ಮೇಲಕ್ಕೆ ಹರಿಯುತ್ತವೆ. ನಡುಹಗಲ ಬೆಳಕಿನಲ್ಲಿ ಓದಲು ಹೆಣಗಬೇಡಿ. ಟಾರ್ಚನ್ನು ಒಂದು ಪಕ್ಕದಿಂದ, ಕಲ್ಲಿನ ಮೈಗೆ ತೀರ ಓರೆಯಾಗಿ ಹಿಡಿಯಿರಿ. ಗೆರೆಗಳ ನೆರಳು ಉದ್ದವಾಗಿ, ಅಕ್ಷರಗಳು ಎದ್ದು ಕಾಣುತ್ತವೆ.