ಕಸ್ಕ್ಯೂಟ ಸಸಿಗೆ ಬೆಳಕು ತೋರುವ ದಾರಿ

ಕುದುರೆ ಮಸಾಲೆ ಮತ್ತು ಹುಚ್ಚೆಳ್ಳು ಬೆಳೆಯುವ ಅನೇಕ ರೈತರಿಗೆ ಕಸ್ಕ್ಯೂಟ ಕಳೆ ಹೊಸದಲ್ಲ. ಆಕಾಶಬಳ್ಳಿ, ಬೇರಿಲ್ಲದ ಬಳ್ಳಿ ಎಂದೂ ಕರೆಯುವ ಈ ಹಳದಿ ದಾರದಂತಹ ಪರಾವಲಂಬಿ ಸಸ್ಯವು ಬೆಳೆಯ ಕಾಂಡವನ್ನು ಸುತ್ತಿ, ಹೀರುಬೇರುಗಳನ್ನು ಒಳತೂರಿಸಿ ನೀರು, ಆಹಾರ ಎರಡನ್ನೂ ಕಸಿದುಕೊಳ್ಳುತ್ತದೆ. ಒಮ್ಮೆ ಹಬ್ಬಿದ ಮೇಲೆ ಬೆಳೆಯನ್ನೂ ಕತ್ತರಿಸದೆ ಇದನ್ನು ತೆಗೆಯುವುದು ಕಷ್ಟ. ಆದರೆ ಮೊಳಕೆಯ ಹಂತದಲ್ಲಿ ಇದು ಬಹಳ ದುರ್ಬಲ.

ಮೊಳಕೆಯ ಅಲ್ಪಾಯುಷ್ಯ

ಸುಮಾರು 1 ಮಿಲಿಮೀಟರ್ ಗಾತ್ರದ ಬೀಜದಲ್ಲಿರುವ ಆಹಾರ ಅತ್ಯಲ್ಪ. ಮೊಳೆತ ಸಸಿಗೆ ನಿಜವಾದ ಬೇರಾಗಲಿ, ಎಲೆಯಾಗಲಿ ಇಲ್ಲ. ಸಾಮಾನ್ಯವಾಗಿ ಒಂದೆರಡು ವಾರಗಳಲ್ಲಿ ಆಸರೆ ಗಿಡ ದೊರೆಯದಿದ್ದರೆ ಅದು ಒಣಗಿ ಸಾಯುತ್ತದೆ. ಆದ್ದರಿಂದ ಸರಿಯಾದ ದಿಕ್ಕಿಗೆ ಬಾಗುವುದು ಅದಕ್ಕೆ ಅಳಿವು ಉಳಿವಿನ ಪ್ರಶ್ನೆ.

ಬೆಳಕಿನ ಪಾತ್ರ

ಹಸಿರೆಲೆಯು ಬಿಸಿಲಿನಲ್ಲಿರುವ ಕೆಂಪು ಕಿರಣಗಳನ್ನು ಹೀರಿಕೊಂಡು, ಕಣ್ಣಿಗೆ ಅಷ್ಟಾಗಿ ಕಾಣದ ದೂರಗೆಂಪು ಕಿರಣಗಳನ್ನು ಬಹುಪಾಲು ಹೊರಬಿಡುತ್ತದೆ. ಹೀಗಾಗಿ ಗಿಡದ ಬಳಿ ಕೆಂಪಿಗಿಂತ ದೂರಗೆಂಪಿನ ಪಾಲು ಹೆಚ್ಚು. ಬಿಸಿಲು ಬಯಸುವ ಪೈರು ಇದನ್ನು ನೆರೆಗಿಡದ ನೆರಳೆಂದು ಗ್ರಹಿಸಿ, ತಪ್ಪಿಸಿಕೊಳ್ಳಲು ಉದ್ದಕ್ಕೆ ಬೆಳೆಯುತ್ತದೆ. ಕಸ್ಕ್ಯೂಟ ಸಸಿಯಾದರೋ ದೂರಗೆಂಪು ಬರುವ ಕಡೆಗೇ ಬಾಗುತ್ತದೆ. ಅದು ಕಾಂಡವನ್ನು ಸುತ್ತುವುದಕ್ಕೂ ದೂರಗೆಂಪು ಹಾಗೂ ನೀಲಿ ಕಿರಣಗಳು ಪ್ರೇರಕ. ಕೆಂಪು ಕಿರಣ ಅದನ್ನು ತಡೆಯುತ್ತದೆ. ಬೆಳಕಲ್ಲದೆ ಗಿಡದ ವಾಸನೆಯೂ ದಾರಿ ತೋರುವುದೆಂದು ಅಮೆರಿಕದ ವಿಜ್ಞಾನಿಗಳು 2006ರಲ್ಲಿ ಟೊಮ್ಯಾಟೊ ಗಿಡಗಳ ಪ್ರಯೋಗದಿಂದ ತೋರಿಸಿದರು.

ಹತೋಟಿ ಕ್ರಮಗಳು

1. ಕಸ್ಕ್ಯೂಟ ಬೀಜ ಬೆರೆಯದ ಪ್ರಮಾಣಿತ ಬಿತ್ತನೆ ಬೀಜವನ್ನೇ ಬಳಸಿರಿ. ಹುಚ್ಚೆಳ್ಳನ್ನು ಜರಡಿ ಹಿಡಿದು ಬಿತ್ತಿರಿ.

2. ಬಿತ್ತನೆಗೆ ಮುಂಚೆ ನೀರು ಕೊಟ್ಟು ಕಳೆ ಮೊಳೆಯಲು ಬಿಟ್ಟು, ಕುಂಟೆ ಹೊಡೆಯಿರಿ. ಹಸಿರು ಗಿಡವಿಲ್ಲದ ಹೊಲದಲ್ಲಿ ಮೊಳೆತ ಕಸ್ಕ್ಯೂಟಕ್ಕೆ ಆಸರೆಯಿಲ್ಲ.

3. ಇದು ಸಾಮಾನ್ಯವಾಗಿ ಹುಲ್ಲು ಜಾತಿಯ ಪೈರುಗಳ ಮೇಲೆ ಬದುಕುವುದಿಲ್ಲ. ಆದ್ದರಿಂದ ರಾಗಿ, ಜೋಳ, ಮುಸುಕಿನ ಜೋಳದೊಡನೆ ಬೆಳೆ ಪರಿವರ್ತನೆ ಮಾಡಿರಿ. ಆದರೆ ರಾಗಿಯಲ್ಲಿ ಹುಚ್ಚೆಳ್ಳಿನ ಅಕ್ಕಡಿ ಸಾಲು ಅಥವಾ ಅಗಲೆಲೆಯ ಕಳೆ ಉಳಿದರೆ ಈ ಕ್ರಮ ವ್ಯರ್ಥವಾಗುತ್ತದೆ.

4. ಬಳ್ಳಿ ಹತ್ತಿದ ಗಿಡಗಳನ್ನು ಹೂ ಬಿಡುವ ಮೊದಲೇ ಬಳ್ಳಿ ಸಮೇತ ಕಿತ್ತು ಸುಡಿರಿ. ತುಂಡೊಂದು ಉಳಿದರೂ ಮತ್ತೆ ಚಿಗುರುತ್ತದೆ.

5. ಬೀಜ ಕಟ್ಟಿದ ಬಳ್ಳಿಯಿರುವ ಮೇವನ್ನು ದನಗಳಿಗೆ ಹಾಕಬೇಡಿರಿ. ಬೀಜ ಸಗಣಿಯ ಮೂಲಕ ಮತ್ತೆ ಹೊಲ ಸೇರುತ್ತದೆ.

ಗಟ್ಟಿ ಸಿಪ್ಪೆಯ ಈ ಬೀಜ ಮಣ್ಣಿನಲ್ಲಿ 10 ವರ್ಷಕ್ಕೂ ಮೇಲ್ಪಟ್ಟು ಜೀವಂತವಾಗಿರಬಲ್ಲದು. ಆದಕಾರಣ ಒಂದು ವರ್ಷದ ಪ್ರಯತ್ನ ಸಾಲದು. ಪ್ರತಿ ವರ್ಷವೂ ಮೊಳಕೆಗೆ ಆಸರೆ ಸಿಗದಂತೆ ನೋಡಿಕೊಳ್ಳುವುದು ಅಗತ್ಯ.