ಒಂಬತ್ತನೇ ತರಗತಿಗೆ ಇಸ್ರೊ ಕರೆ

ಒಂಬತ್ತನೇ ತರಗತಿ ಓದುತ್ತಿರುವ ಹಳ್ಳಿ ಹುಡುಗಿಯೊಬ್ಬಳು ಬೇಸಿಗೆ ರಜೆಯಲ್ಲಿ ಇಸ್ರೊ ವಿಜ್ಞಾನಿಗಳನ್ನು ಕೇಳಿ ಕೇಳಿ ಪುಟ್ಟ ರಾಕೆಟ್ ಜೋಡಿಸಬಹುದು. ಊಟ, ವಸತಿ, ಹೋಗಿಬರುವ ಖರ್ಚು, ಜತೆಗೆ ಬರುವ ಪೋಷಕರೊಬ್ಬರ ಪ್ರಯಾಣವೆಚ್ಚ ಎಲ್ಲವೂ ಇಸ್ರೊದ್ದೇ. ‘ಯುವಿಕಾ’ ಎಂಬ ಈ ಯುವ ವಿಜ್ಞಾನಿ ಕಾರ್ಯಕ್ರಮ ಆರಂಭವಾದದ್ದು 2019ರಲ್ಲಿ. ಕೋವಿಡ್ ಕಾಲದಲ್ಲಿ ನಿಂತು, 2022ರಲ್ಲಿ ಮತ್ತೆ ಶುರುವಾಯಿತು. ಅವಧಿ ಸುಮಾರು ಎರಡು ವಾರ, ಸಾಮಾನ್ಯವಾಗಿ ಮೇ ತಿಂಗಳಲ್ಲಿ.

ಇಸ್ರೊದ ಹಲವು ಕೇಂದ್ರಗಳಲ್ಲಿ ಶಿಬಿರ ನಡೆಯುತ್ತದೆ. ಬೆಂಗಳೂರಿನ ಯು.ಆರ್. ರಾವ್ ಉಪಗ್ರಹ ಕೇಂದ್ರವೂ ಅದರಲ್ಲೊಂದು. ಉಡುಪಿ ಸೀಮೆಯ ಅದಮಾರಿನಲ್ಲಿ ಹುಟ್ಟಿದ ರಾವ್ ಅವರ ತಂಡ ಪೀಣ್ಯದ ಕೈಗಾರಿಕಾ ಶೆಡ್ಡುಗಳಲ್ಲಿ ‘ಆರ್ಯಭಟ’ ಉಪಗ್ರಹ ಕಟ್ಟಿತ್ತು. 1975ರ ಏಪ್ರಿಲ್ 19ರಂದು ಸೋವಿಯತ್ ರಾಕೆಟ್ಟಿನಲ್ಲಿ ಅದು ಕಕ್ಷೆಗೇರಿತು. ಅಲ್ಲಿಯವರೆಗೆ ಭಾರತದಲ್ಲಿ ಯಾರೂ ಉಪಗ್ರಹ ಕಟ್ಟಿರಲಿಲ್ಲ, ಮಾಡುತ್ತಲೇ ಕಲಿತರು. ಯುವಿಕಾದ ಮಕ್ಕಳೂ ಹಾಗೆಯೇ ಕಲಿಯುತ್ತಾರೆ.

ಉದಾಹರಣೆಗೆ ಕ್ಯಾನ್‌ಸ್ಯಾಟ್. ತಂಪು ಪಾನೀಯದ ಡಬ್ಬಿಯಷ್ಟೇ ಗಾತ್ರದ ಮಾದರಿ ಉಪಗ್ರಹ ಇದು. ಬ್ಯಾಟರಿ, ಉಷ್ಣತೆ ಮತ್ತು ಒತ್ತಡ ಅಳೆಯುವ ಸೆನ್ಸರುಗಳು, ಅಂಕಿಗಳನ್ನು ಕೆಳಗೆ ಕಳಿಸುವ ರೇಡಿಯೊ ಎಲ್ಲವೂ ಅಷ್ಟರಲ್ಲೇ ಹಿಡಿಸಬೇಕು. ನೆಲದ ಹತ್ತಿರ ಸುಮಾರು 8–9 ಮೀಟರ್ ಮೇಲೇರಿದರೆ ಗಾಳಿಯ ಒತ್ತಡ 1 ಹೆಕ್ಟೊಪ್ಯಾಸ್ಕಲ್‌ನಷ್ಟು ಇಳಿಯುತ್ತದೆ. ಹಾಗಾಗಿ ಒತ್ತಡ ಗೊತ್ತಾದರೆ ಎತ್ತರವನ್ನೂ ಲೆಕ್ಕ ಹಾಕಬಹುದು. ಆದರೆ ಬೆಸುಗೆ ಸಡಿಲವಾದರೆ ಅಂಕಿಯೇ ಬಾರದು. ಬ್ಯಾಟರಿ ದೊಡ್ಡದಾದರೆ ತೂಕ ಹೆಚ್ಚಿ, ಡಬ್ಬಿಯನ್ನು ಕೆಳಗಿಳಿಸುವ ಪ್ಯಾರಾಚೂಟ್ ಸಾಲದಾಗುತ್ತದೆ. ಚಿಕ್ಕದಾದರೆ ನಡುವೆಯೇ ಚಾರ್ಜು ಮುಗಿಯುತ್ತದೆ. ಒಂದನ್ನು ಸರಿಮಾಡಿದರೆ ಇನ್ನೊಂದರ ತಕರಾರು. ಪಾಸಾಗಲು ಓದುವ ಮಕ್ಕಳಿಗೆ ಇಂಥ ಇಕ್ಕಟ್ಟು ಎದುರಾಗುವುದೇ ಅಪರೂಪ. ಎಂಜಿನಿಯರಿಂಗ್ ಎಂದರೇನೆಂದು ತಿಳಿಯಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ಕಾಣದು.

ಆಯ್ಕೆಯ ನಿಯಮವಂತೂ ಇನ್ನೂ ಮೆಚ್ಚುವಂಥದು. ಎಂಟನೇ ತರಗತಿಯ ಅಂಕ, ಆನ್‌ಲೈನ್ ಕ್ವಿಜ್, ವಿಜ್ಞಾನ ಮೇಳಗಳ ಜತೆಗೆ ಆಟೋಟ, ಸ್ಕೌಟ್ಸ್, ಎನ್‌ಸಿಸಿಗಳೂ ಲೆಕ್ಕಕ್ಕೆ ಬರುತ್ತವೆ. ಪಂಚಾಯಿತಿ ವ್ಯಾಪ್ತಿಯ ಹಳ್ಳಿ ಶಾಲೆಯ ಮಕ್ಕಳಿಗೆ ಪ್ರತ್ಯೇಕ ಅಂಕವಿದೆ. ಪೇಟೆ ಶಾಲೆಗಳ ಎದುರು ಇದು ಸಣ್ಣ ಬಲವೇನಲ್ಲ. ಆದರೆ ಸುದ್ದಿಯೇ ಹಳ್ಳಿ ಮುಟ್ಟದಿದ್ದರೆ ಆ ಅಂಕದಿಂದ ಯಾರಿಗೆ ಏನು ಲಾಭ? ಅರ್ಜಿ ಕರೆಯುವುದು ಸಾಮಾನ್ಯವಾಗಿ ಫೆಬ್ರುವರಿ–ಮಾರ್ಚ್ ಹೊತ್ತಿಗೆ, ಪರೀಕ್ಷೆಯ ಗಡಿಬಿಡಿಯಲ್ಲಿ. ಸಲ್ಲಿಸಬೇಕಾದದ್ದು ಆನ್‌ಲೈನಿನಲ್ಲಿ. ಹೈಸ್ಕೂಲಿನ ವಿಜ್ಞಾನ ಮೇಷ್ಟ್ರು ಡಿಸೆಂಬರಿನಲ್ಲೇ ಒಂಬತ್ತನೇ ತರಗತಿಯಲ್ಲಿ ಈ ವಿಷಯ ಹೇಳಿ, ಆಸಕ್ತಿಯಿರುವವರ ಅಂಕಪಟ್ಟಿ, ಪ್ರಮಾಣಪತ್ರಗಳನ್ನು ಒಂದೆಡೆ ಮಾಡಿಸಿಟ್ಟರೆ, ಅರ್ಜಿ ಕರೆದಾಗ ಶಾಲೆಯ ಕಂಪ್ಯೂಟರಿನಲ್ಲೇ ಸಲ್ಲಿಸಿಬಿಡಬಹುದು.